ಅಳಿಯ ನುಂಗದ ಮಾತ್ರೆ

ಆಗಸ್ಟ್ ೨೮, ಗುರುವಾರ. ಹಿರಿಯೂರು.

ಸಿಟ್ಟಿಗೆ ಮುದ್ದೆಯೂ ಇಳಿಯಲಿಲ್ಲ. ಅಕ್ಕನ ಮಗಳು ಸಹನಾಗೆ ಗುಪ್ತರೋಗದ ಸೋಂಕು ಮತ್ತೆ ಮತ್ತೆ ಮರುಕಳಿಸುವುದೇಕೆಂದು ಇವತ್ತು ಆಸ್ಪತ್ರೆಯಲ್ಲಿ ಗೊತ್ತಾಯಿತು. ಡಾಕ್ಟರಮ್ಮ ಗಂಡಹೆಂಡತಿ ಇಬ್ಬರಿಗೂ ಮಾತ್ರೆ ಕೊಟ್ಟಿದ್ದರೆ, ಗಂಡ ಕೊಟ್ರೇಶ ತನ್ನ ಪಾಲನ್ನೂ ಅವಳಿಗೇ ನುಂಗಿಸಿದ್ದಾನೆ!

“ನಂಗೇನೂ ಆಗಿಲ್ಲ ಮಾವ. ಎರಡು ಪಾಲು ನುಂಗಿದ್ರೆ ಅವಳಿಗೆ ಬೇಗ ವಾಸಿ ಆಗ್ತೈತೆ ಅಂತ...”

“ನಿನ್ನ ತೋಟದ ಹುಳಕ್ಕೆ ಪಕ್ಕದ ತೋಟಕ್ಕೆ ಔಷಧಿ ಹೊಡೀತೀಯೇನಲೇ?” ಅಂದೆ. ನನ್ನ ಗಂಟಲಿಗೆ ಐಮಂಗಲ ಊರಿಗೆ ಊರೇ ನಡುಗುತ್ತದೆ, ಇವನು ಯಾವ ಲೆಕ್ಕ? ಡಾಕ್ಟರಮ್ಮ ಅವನಿಗೆಂದು ಮತ್ತೆ ಕೊಟ್ಟ ಮಾತ್ರೆಯನ್ನು ಎದುರಿಗೇ ನುಂಗಿಸಿ, ಬಾಯಿ ತೆರೆಸಿ ನೋಡಿದೆ.

ಇಬ್ಬರ ಔಷಧಿಯೂ ಮುಗಿದು, ಡಾಕ್ಟರಮ್ಮ ಸರಿ ಅನ್ನುವವರೆಗೆ ಇಬ್ಬರೂ ಕೂಡುವಂತಿಲ್ಲ. ಅದಕ್ಕೇ ಹುಡುಗಿಯನ್ನು ನಮ್ಮ ಮನೆಗೆ ಕರೆತಂದೆ.

“ಆಷಾಢ ಹೋದ ತಿಂಗಳೇ ಮುಗೀತಲ್ಲ ಮಾವ?” ಅಂದ ಕೊಟ್ರೇಶ, ನಾವು ಹೊರಡುವಾಗ.

“ನಿಂಗೆ ಇವತ್ತಿಂದ ಇನ್ನೊಂದು ಆಷಾಢ, ನಡಿಯಪ್ಪ.”

ಊಟಕ್ಕೆ ಕೂತಾಗ ಸಹನಾ ಮೆಲ್ಲಗೆ ಕೇಳಿದಳು: “ಹಂಗಾದ್ರೆ ಹೊಲಸು ನಾನೊಬ್ಳೇ ಅಲ್ಲ, ಅಲ್ವಾ ಮಾವ?” ಆ ಮನೆಯಲ್ಲಿ ಅವಳ ಲೋಟವನ್ನೇ ಬೇರೆ ಇಟ್ಟಿದ್ದಾರಂತೆ. ಲೋಟದಿಂದ ಈ ರೋಗ ಬರುತ್ತದೆಯೇ, ಮೂಢರು!

ನಾಳೆ ಹೋಗಿ, ಅವರ ಪಡಸಾಲೆಯಲ್ಲೇ ಕೂತು, ಅದೇ ಲೋಟದಲ್ಲಿ ನೀರು ಕೇಳಿ ಕುಡಿಯುತ್ತೇನೆ. ಆಮೇಲೆ ಅದನ್ನು ಕೊಟ್ರೇಶನ ಅಮ್ಮನ ಕೈಗೇ ಕೊಟ್ಟು, ಮನೆಯವರ ಲೋಟಗಳ ಸಾಲಿನಲ್ಲೇ ಇಡಿಸುತ್ತೇನೆ.