ಕೊನೆಯ ಕೀರ್ತನೆಯ ಸರದಿ

ತೋಟದ ವಸ್ತಿ, ರಾಯಬಾಗ
20 ಫೆಬ್ರವರಿ 1996

ಮಂಗಲಳ ಅಪ್ಪನವರಿಗೆ ಸೋನಾಬಾಯಿ ಮಾಡುವ ವಂದನೆಗಳು.

ಕರ್ತನ ದಯೆಯಿಂದ ಇಲ್ಲಿ ನಾವು ಮೂವರೂ ಕ್ಷೇಮ. ನಿಮ್ಮ ಮೈ ಹೇಗಿದೆ? ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ ಇಲ್ಲವೋ? ಕಟ್ಟಿಕೊಳ್ಳಿ. ಅತ್ತೆಯವರ ಮೊಣಕಾಲು ಮೊದಲಿನ ಹಾಗೇ ಇದೆ, ಬಾಯಿಯೂ ಮೊದಲಿನ ಹಾಗೇ ಇದೆ. ಎಮ್ಮೆ ಹೋದ ವಾರ ಈದಿತು, ಹೆಣ್ಣು ಕರು. ನೀವು ಕಾಗವಾಡದಿಂದ ಕಳಿಸಿದ ದ್ರಾಕ್ಷಿ ಬುಟ್ಟಿ ಮುಟ್ಟಿತು. ಮಂಗಲ ತಿಂದಳು, ಅತ್ತೆ ತಿಂದರು. ನಾನು ಮುಟ್ಟಲಿಲ್ಲ. ಹುಳಿಯಾಗಿದ್ದವು ಅಂತಲ್ಲ.

ಕ್ಷೇಮ ಸಮಾಚಾರ ಇಷ್ಟೇ. ಇನ್ನು ಮುಂದಿನದನ್ನು ನೀವು ಒಬ್ಬರೇ ಓದಬೇಕು. ಬುಟ್ಟಿ ತಂದ, ಕಾರ್ಖಾನೆಯ ಕಾಲದಿಂದ ನಿಮ್ಮ ಗೆಳೆಯರಾದ ಹುಸೇನಮಿಯಾ ಚಿಕ್ಕೋಡಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾರೆ. ಇವತ್ತು ಮಧ್ಯಾಹ್ನ ತಿರುಗಿ ಈ ದಾರಿಯಲ್ಲೇ ಬರುತ್ತಾರೆ, ಅವರ ಕೈಯಲ್ಲೇ ಈ ಪತ್ರ ಕೊಡುತ್ತೇನೆ. ಲಕೋಟೆಯ ಬಾಯಿಗೆ ಅಂಟು ಸಾಲದೆಂದು ಕರಿ ನೂಲಿನಿಂದ ಹೊಲಿಯುತ್ತೇನೆ. ನೀವಾಗಿ ಓದುವ ತನಕ ಯಾರೂ ಬಿಚ್ಚುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಳ್ಳುತ್ತೇನೆ. ನಿಮಗೆ ಓದಲು ಬರುವುದಿಲ್ಲ ಎಂದು ಗೊತ್ತಾದ ಮೇಲೂ ಇವಳು ಯಾಕೆ ಬರೆಯುತ್ತಾಳೆ ಎಂದು ನಿಮಗೆ ಅನ್ನಿಸಬಹುದು. ಬರೆಯದಿದ್ದರೆ ನನಗೆ ಅನ್ನ ಸೇರುವುದಿಲ್ಲ, ಅದಕ್ಕೆ. ನೀವು ಇದನ್ನು ಓದುವ ಹೊತ್ತಿಗೆ ನನ್ನ ಸಿಟ್ಟು ಹಳೆಯದಾಗಿರಬಹುದು. ಇವತ್ತು ಮಾತ್ರ ಒಲೆಯ ಮೇಲಿದ್ದಷ್ಟೇ ಬಿಸಿಯಾಗಿದೆ.

ನಿಪ್ಪಾಣಿಯಲ್ಲಿ ನಮ್ಮ ಅವ್ವ ಮನೆಮನೆಗೆ ಹೋಗಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವಳು ಎಂದು ನಿಮಗೆ ಗೊತ್ತು. ತಂಬಾಕಿನ ವಖಾರದಲ್ಲಿ ಎಲೆ ಬಿಡಿಸುವವರು, ಬೀಡಿ ಕಟ್ಟುವವರು, ಯಾರನ್ನೂ ಬಿಟ್ಟವಳಲ್ಲ. ಮಗಳನ್ನು ಕೊಡುವಾಗ ಅವಳು ಹೊಲ ಕೇಳಲಿಲ್ಲ, ಮನೆ ಕೇಳಲಿಲ್ಲ. ಹುಡುಗ ವೇದಪುಸ್ತಕ ಓದಿ ತೋರಿಸಲಿ ಎಂದಳು, ಅಷ್ಟೇ. ನೀವು ಪುಸ್ತಕ ತೆಗೆದುಕೊಂಡು ಇಪ್ಪತ್ತಮೂರನೆಯ ಕೀರ್ತನೆ ತೆರೆದಿರಿ, ಆ ಕುರುಬನ ಕೀರ್ತನೆ. ನಡುವೆ ಎಲ್ಲೂ ತಡೆಯಲಿಲ್ಲ, ದನಿ ಏರಿಳಿಯುತ್ತ ಹೋಯಿತು. ಒಳಮನೆಯ ಬಾಗಿಲ ಹಿಂದೆ ನಿಂತು ಕೇಳಿದೆ. ಅವ್ವ ಒಳಗೆ ಬಂದು, "ಪುಸ್ತಕದ ಕಡೆ ನೋಡೂದಽ ಇಲ್ಲ ನೋಡವಾ, ಅಷ್ಟು ಓದಿ ಓದಿ ರೂಢಿ ಆಗೇತಿ" ಎಂದು ಹಿಗ್ಗಿದಳು. ಊರೆಲ್ಲ ಅಕ್ಷರ ಕಲಿಸಿದವಳು ಮೋಸ ಹೋದದ್ದು ಹೀಗೆ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳಿಗೆ ಇದು ತಿಳಿಯದೇ ಹೋಯಿತಲ್ಲ, ಅದೊಂದೇ ನನಗೆ ಸಮಾಧಾನ.

ಆಮೇಲೆ ಹತ್ತು ವರ್ಷ ದಿನಾ ಸಂಜೆ ಪ್ರಾರ್ಥನೆ. ನಾನು ಒಂದು ಅಧ್ಯಾಯ ಓದುವುದು, ಅತ್ತೆ ಬಾಯಿಗೆ ಬಂದದ್ದನ್ನು ಹೇಳುವುದು, ಕೊನೆಯ ಕೀರ್ತನೆ ಮನೆಯ ಯಜಮಾನನದು. ಅದಕ್ಕೆ ನಮ್ಮಲ್ಲಿ ಎಲ್ಲರೂ ಕಣ್ಣು ಮುಚ್ಚುವ ರೂಢಿ. ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ದುಡಿದ ನಿಮಗೆ ಅಂಕಿ ಬರುತ್ತಿತ್ತು, ಕೀರ್ತನೆಯ ನಂಬರು ನೋಡಿ ಪುಟ ತೆರೆಯುತ್ತಿದ್ದಿರಿ. ಉಳಿದದ್ದು ನಿಮ್ಮ ಅಜ್ಜ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದ್ದು. ಹತ್ತು ವರ್ಷ ನಾನು ಕಣ್ಣು ಮುಚ್ಚಿಯೇ ಕೂತೆ. ದೇವರಿಗಾಗಿ ಮುಚ್ಚಿದ್ದೆ, ಅದು ನಿಮ್ಮ ಉಪಯೋಗಕ್ಕೆ ಬಂತು.

ಈ ಕ್ರಿಸ್ಮಸ್ಸಿನ ನಂತರ ಪಾಸ್ಟರ ಇಸಾಕರು ಮನೆಪಾಠದ ಪೆಟ್ಟಿಗೆ ತಂದುಕೊಟ್ಟ ದಿನ ನಾನು ಎಷ್ಟು ಕುಣಿದೆ, ನೀವೇ ನೋಡಿದಿರಿ. ಕಬ್ಬಿನ ಗಾಡಿ, ಟ್ರ್ಯಾಕ್ಟರುಗಳ ನಡುವೆ ಏಳು ವರ್ಷದ ಹುಡುಗಿಯನ್ನು ಎರಡು ಹರದಾರಿ ನಡೆಸಿ ಶಾಲೆಗೆ ಕಳಿಸಲು ಧೈರ್ಯವಾಗದೆ ನಾನೇ ಮನೆಯಲ್ಲಿ ಕಲಿಸುತ್ತಿದ್ದೆ. ನನ್ನ ಹತ್ತಿರ ಇದ್ದದ್ದು ಒಂದು ಪಾಟಿ, ಮೂರು ತುಂಡು ಬಳಪ. ಆ ಪೆಟ್ಟಿಗೆಯಲ್ಲಿ ಏನಿರಲಿಲ್ಲ! ಗಟ್ಟಿ ರಟ್ಟಿನ ಅಕ್ಷರದ ಚೀಟಿಗಳು, ನೋಹನ ನಾವೆಯ ಬಣ್ಣದ ಚಿತ್ರ, ಬಟ್ಟೆಯ ಹಲಗೆಗೆ ಅಂಟುವ ಕುರಿಮರಿಗಳು, ತಾಯಂದಿರಿಗೆ ಹೇಗೆ ಕಲಿಸಬೇಕೆಂಬ ತೆಳು ಪುಸ್ತಕ. ಜೊತೆಗೆ ಹೊಸ ಭಾಷಾಂತರದ ವೇದಪುಸ್ತಕ, ಮಕ್ಕಳಿಗೂ ತಿಳಿಯುವ ಮಾತಿನಲ್ಲಿ. ನಮ್ಮ ಹಳೆಯದರ ಹೊಲಿಗೆ ಬಿಚ್ಚಿ ಹಾಳೆ ಉದುರುತ್ತಿದ್ದವು, ಅದನ್ನು ಪಾಸ್ಟರರು ರಟ್ಟು ಕಟ್ಟಿಸಲು ಒಯ್ದರು. ಹೊಸದರಲ್ಲಿ ದೇವರು ಅವನೇ, ಮಾತು ಬೇರೆ ಎಂದು ಅವರು ಹೇಳಿದಾಗ ನೀವು ದನಕ್ಕೆ ನೀರು ಕುಡಿಸಲು ಹೋಗಿದ್ದಿರಿ. ನಿಮಗೆ ಹೇಳಬೇಕೆಂದು ನನಗೂ ತೋಚಲಿಲ್ಲ. ಓದುವವರಿಗೆ ಕಣ್ಣಿಗೆ ಕಾಣುವುದನ್ನು ಯಾರಾದರೂ ಹೇಳುತ್ತಾರೆಯೇ?

ದೊಡ್ಡವರು ಓದುವಾಗ ಮಗು ಬೆರಳಿಟ್ಟು ಹಿಂದೆ ಹಿಂದೆ ಬರಲಿ ಎಂದು ಆ ತೆಳು ಪುಸ್ತಕದಲ್ಲಿ ಇತ್ತು. ನಾನು ಹಾಗೇ ಮಂಗಲಳನ್ನು ನಿಮ್ಮ ತೊಡೆಯ ಹತ್ತಿರ ಕೂಡಿಸಿದೆ. ನೀವು ಇಪ್ಪತ್ತಮೂರು ಹೇಳತೊಡಗಿದಿರಿ. ಎರಡನೆಯ ಸಾಲಿಗೇ ಅವಳ ಬೆರಳು ನಿಂತಿತು. "ಅಪ್ಪಾ, ಇದರಾಗ ಹಂಗ ಇಲ್ಲಲ್ಲ" ಎಂದಳು. ನಾನು ಕಣ್ಣು ತೆರೆದೆ. ನಿಮ್ಮ ಮುಖ ಹೇಗಾಗಿತ್ತೆಂದು ಈಗ ನೆನಪಿಗೆ ಬರುತ್ತದೆ, ಆಗ ಅದು ಬರೀ ಸಿಟ್ಟು ಎಂದುಕೊಂಡೆ. "ನಿನಗ ಇನ್ನೂ ನೆಟ್ಟಗ ಓದಾಕ ಬರಂಗಿಲ್ಲ, ಸುಮ್ನ ಕೂಡು" ಎಂದಿರಿ. ಅವಳು ಸುಮ್ಮನಾಗಲಿಲ್ಲ, ನಮ್ಮ ಅವ್ವನ ಮೊಮ್ಮಗಳಲ್ಲವೇ. ಇದ್ದದ್ದನ್ನು ಅಕ್ಷರ ಅಕ್ಷರ ಕೂಡಿಸಿ ಓದಿ ತೋರಿಸಿದಳು. ಆಗ ನೀವು ನನ್ನ ಕಡೆ ತಿರುಗಿ, ಪಾಠ ಕಲಿಸಿ ಕಲಿಸಿ ತಂದೆಗೆ ಎದುರಾಡುವುದನ್ನು ಕಲಿಸಿದ್ದೀಯಾ ಎಂದಿರಿ.

ನಾನು ಅವಳ ಕೈಮೇಲೆ ಹೊಡೆದೆ. ಸಾಲಿನ ಮೇಲೆ ಇಟ್ಟ ಕೈಯನ್ನೇ, ಮರದ ಪಟ್ಟಿಯಿಂದ, ಎರಡು ಸಲ. ಪ್ರಾರ್ಥನೆಯ ಹೊತ್ತಿನಲ್ಲಿ ಹಟ ಮಾಡಿದಳೆಂದು ಹೊಡೆದೆ, ನೀವು ನೋಡುತ್ತ ಕೂತಿರಿ. ಒಂದು ಮಾತು, ಬಿಡೇ ಎನ್ನುವಷ್ಟು ಒಂದೇ ಮಾತು ನಿಮ್ಮ ಬಾಯಿಂದ ಬರಲಿಲ್ಲ. ಆಮೇಲೆ ನೀವು ಕೀರ್ತನೆಯನ್ನು ಹಳೆಯ ಮಾತಿನಲ್ಲೇ ಕೊನೆಯ ತನಕ ಹೇಳಿ ಮುಗಿಸಿದಿರಿ, ಆಮೆನ್ ಸಹಿತ. ಅಕ್ಷರ ಬಾರದ್ದನ್ನು ನಾನು ಮರೆಯಬಲ್ಲೆ. ನಮ್ಮ ಅವ್ವ ಕಲಿಸಿದವರೆಲ್ಲ ಅಕ್ಷರ ಬಾರದವರೇ, ಯಾರನ್ನೂ ನಾನು ಕೀಳಾಗಿ ಕಂಡಿಲ್ಲ. ಆ ಎರಡು ಏಟಿನ ಹೊತ್ತಿನಲ್ಲಿ ನೀವು ಸುಮ್ಮನೆ ಕೂತದ್ದನ್ನು ಮರೆಯಲು ಆಗುತ್ತಿಲ್ಲ.

ಮರುದಿನ ಪಾತ್ರೆ ತಿಕ್ಕಿಟ್ಟು ಬಂದು ಪುಸ್ತಕ ತೆರೆದು ನೋಡಿದೆ. ಮಗಳು ಓದಿದ್ದೇ ಸರಿ ಇತ್ತು. ನೀವು ಊಟಕ್ಕೆ ಬಂದಾಗ ನನ್ನ ತಂಗಿಯ ಕಾರ್ಡು ಕೈಗೆ ಕೊಟ್ಟು, ಏನು ಬರೆದಿದ್ದಾಳೆ ಓದಿ ಹೇಳಿ, ನನ್ನ ಕೈ ಹಿಟ್ಟಾಗಿದೆ ಎಂದೆ. ನೀವು ಕಾರ್ಡನ್ನು ಆ ಕಡೆ ಈ ಕಡೆ ತಿರುಗಿಸಿದಿರಿ, ಕೆಳಗಿಟ್ಟಿರಿ, ರೊಟ್ಟಿ ಮುರಿದವರು ಹಾಗೇ ಬಿಟ್ಟು ಎದ್ದಿರಿ. ಮರುದಿನ ಬೆಳಗಿನ ಬಸ್ಸಿಗೆ ಕಾಗವಾಡಕ್ಕೆ ಹೋದಿರಿ. ದ್ರಾಕ್ಷಿ ಕಟಾವಿಗೆ ಕರೆ ಬಂದಿದೆ ಎಂದು ಅತ್ತೆಗೆ ಹೇಳಿ ಹೋದಿರಿ, ನನಗೆ ಅದೂ ಇಲ್ಲ. ಅತ್ತೆಯನ್ನು ಕೇಳಿದರೆ ಅವರಿಗೆ ಮೊದಲಿನಿಂದ ಗೊತ್ತಂತೆ! "ಓದೂದೇನ ದೊಡ್ಡದು ಬೇ, ಬಾಯಾಗ ಐತಲ್ಲ, ಸಾಕಾತು" ಎಂದರು. ಈ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ, ಪಾಠ ಹೇಳುವವಳು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಮೊನ್ನೆ ಹುಸೇನಮಿಯಾ ದ್ರಾಕ್ಷಿ ಬುಟ್ಟಿ ಇಳಿಸಿ ಚಹಾ ಕುಡಿಯುತ್ತ ಕೂತಾಗ, ಬಿಸ್ಕೀಟಿನ ಡಬ್ಬಿ ತಂದು ಅವರ ಮುಂದೆ ಇಟ್ಟೆ. ನೀವು ಮೂರು ಹಂಗಾಮು ಕಾರ್ಖಾನೆಯಲ್ಲಿದ್ದಾಗ ಕಳಿಸಿದ ಪತ್ರಗಳು, ಇಪ್ಪತ್ತೆಂಟು. ಇದು ಯಾರ ಅಕ್ಷರ ಎಂದು ಕೇಳಿದೆ. ಅವರು ಸುಳ್ಳು ಹೇಳುವ ಮನುಷ್ಯರಲ್ಲ, ಬಶಿ ಕೆಳಗಿಟ್ಟು ತಲೆ ತಗ್ಗಿಸಿದರು. "ಬರದಾಂವ ನಾನರಿ ವೈನಿ. ಮಾತು ಅವನ್ವು" ಎಂದರು. ಹಾಗಾದರೆ ನನ್ನ ಪತ್ರಗಳನ್ನು ಓದಿದವರೂ ಅವರೇ. ಮೊದಲನೆಯ ಕೂಸು ಹೊಟ್ಟೆಯಲ್ಲೇ ಹೋದಾಗ ನಾನು ಬರೆದದ್ದನ್ನು, ಅತ್ತೆಯ ಮೇಲಿನ ದೂರನ್ನು, ಒಬ್ಬಳೇ ಮಲಗಲಾಗುವುದಿಲ್ಲ ಎಂದು ಬರೆದದ್ದನ್ನು, ಎಲ್ಲವನ್ನೂ ಇನ್ನೊಬ್ಬ ಗಂಡಸು ಗಟ್ಟಿಯಾಗಿ ಓದಿದ್ದಾನೆ, ನೀವು ಕೇಳಿದ್ದೀರಿ. ಹಜಾರದಲ್ಲಿ ಸೆರಗು ಹೊದ್ದು ಕೂತಿದ್ದರೂ ಮೈಮೇಲೆ ಬಟ್ಟೆ ಇಲ್ಲದಂತಾಯಿತು ನನಗೆ.

ಆದರೂ ನಾಚಿಕೆ ಬಿಟ್ಟು ಒಂದು ಕೇಳಿದೆ. ಬೆಲ್ಲದ ವಾಸನೆ ಬಂದಾಗಲೆಲ್ಲ ನಿನ್ನ ಕೈ ನೆನಪಾಗುತ್ತದೆ ಎಂಬ ಸಾಲು ಒಂದು ಪತ್ರದಲ್ಲಿತ್ತು. ಹತ್ತು ವರ್ಷದಲ್ಲಿ ಅದನ್ನು ಎಷ್ಟು ಸಲ ಓದಿದ್ದೇನೋ, ಮಡಿಕೆಯಲ್ಲಿ ಕಾಗದ ಹರಿದಿದೆ. ಅದು ಯಾರದು ಎಂದೆ. ಪಾಪ, ಅವರ ಕಿವಿ ಕೆಂಪಾಯಿತು. "ಅದೊಂದು ನಾ ಹಾಕಿದ್ದರಿ. ಕಾಗದ ತಳದಾಗ ಖಾಲಿ ಉಳದಿತ್ತು" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಒಳಗೆ ಹೋಗಿ ಅತ್ತು ಬಂದೆ. ಹಾಗಾದರೆ ನನ್ನ ಗಂಡ ಹೇಳಿದ್ದು ಯಾವುದು ಎಂದು ಕೇಳಿದ್ದಕ್ಕೆ ಬಾವಿಯ ಹತ್ತಿರ ಬಟ್ಟೆ ಒಗೆಯುವ ಮಾತು ಇದೆಯಲ್ಲ, ಅದೇ, ಪ್ರತಿ ಪತ್ರದಲ್ಲಿ ಅದನ್ನು ಬರೆಸದೆ ಬಿಡುತ್ತಿರಲಿಲ್ಲ ಎಂದರು. ಅವರು ಹೋದ ಮೇಲೆ ನೋಡಿದೆ. ಇಪ್ಪತ್ತೆಂಟು ಪತ್ರದಲ್ಲೂ ಇದೆ, ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಡ, ನಿನಗೆ ಕಾಲು ಬಿರಿಯುತ್ತದೆ. ಪ್ರತಿ ಸಲ ನಾನು ಅದನ್ನು ದಾಟಿ ಮುಂದೆ ಓದುತ್ತಿದ್ದೆ. ಅದನ್ನು ಓದಿ ನನ್ನ ಸಿಟ್ಟು ಇಳಿಯಿತು ಎಂದುಕೊಳ್ಳಬೇಡಿ. ಇಳಿದಿಲ್ಲ. ಯಾವ ಪತ್ರದ ಮೇಲೆ ಸಿಟ್ಟು ಮಾಡಬೇಕೆಂಬುದು ಮಾತ್ರ ಈಗ ತಿಳಿಯದಾಗಿದೆ.

ಈ ಪತ್ರದ ಜೊತೆ ಒಂದು ಗಂಟು ಇದೆ. ಮನೆಪಾಠದ ಪೆಟ್ಟಿಗೆಯ ಅಕ್ಷರದ ಚೀಟಿಗಳು, ಒಂದು ಹೊಸ ಪಾಟಿ, ನಾಲ್ಕು ಬಳಪ. ನಿಮ್ಮ ಹೆಸರಿನ ಅಕ್ಷರಗಳನ್ನು ಮೇಲೆ ಇಟ್ಟಿದ್ದೇನೆ, ಅಲ್ಲಿಂದ ಶುರು ಮಾಡಿ. ಅದರ ಕೆಳಗೆ ಮಗಳ ಹೆಸರು, ಅದರ ಕೆಳಗೆ ನನ್ನದು. ಹುಸೇನಮಿಯಾ ಅಕ್ಷರ ಕಲಿಸಲಿ, ನನ್ನ ಅಡ್ಡಿ ಇಲ್ಲ, ಅವರು ಅಷ್ಟನ್ನಾದರೂ ಮಾಡಬೇಕು. ದಿನಕ್ಕೆ ಎರಡೇ ಅಕ್ಷರ, ಅವಸರ ಬೇಡ. ಇಷ್ಟನ್ನು ಹುಸೇನಮಿಯಾಗೆ ಬಾಯಿಮಾತಿನಲ್ಲೂ ಹೇಳಿ ಕಳಿಸುತ್ತೇನೆ. ಅವ್ವ ಹೇಳುತ್ತಿದ್ದ ಹಾಗೆ ಬರೆಯುವಾಗ ಬಾಯಿಬಿಟ್ಟು ಹೇಳಿ. ಯಾರಾದರೂ ನಕ್ಕರೆ ನಗಲಿ, ನೀವು ಹೆದರಬೇಕಾದದ್ದು ಅವರ ನಗೆಗಲ್ಲ.

ಕಾಗವಾಡದ ಬಿಸಿಲು ಕೆಟ್ಟದ್ದು, ತಲೆಗೆ ಟವೆಲ್ಲು ಹಾಕಿಕೊಳ್ಳಿ. ಅತ್ತೆಯವರ ಆಶೀರ್ವಾದಗಳು. ನಿಮ್ಮನ್ನು ಕರ್ತನು ಕಾಯಲಿ ಎಂದು ದಿನಾ ಬೇಡುತ್ತೇನೆ, ಸಿಟ್ಟು ಬಂದ ದಿನವೂ ತಪ್ಪಿಸಿಲ್ಲ.

ಇಂತಿ
ಸೋನಾಬಾಯಿ

ತಾ.ಕ.: ಹುಸೇನಮಿಯಾ ಬಂದು ಅಂಗಳದಲ್ಲಿ ನಿಂತಿದ್ದಾರೆ, ಬಸ್ಸಿಗೆ ಹೊತ್ತಾಗುತ್ತದೆ ಎನ್ನುತ್ತಿದ್ದಾರೆ, ಹೇಳಬೇಕಾದದ್ದು ಇನ್ನೂ ಉಳಿದಿದೆ. ಆ ಸಂಜೆಯಿಂದ ಮಂಗಲ ಪುಸ್ತಕ ಮುಟ್ಟಿಲ್ಲ. ಪಾಟಿ ಕೊಟ್ಟರೆ ತನಗೆ ಓದಲು ಬರುವುದಿಲ್ಲ ಎನ್ನುತ್ತಾಳೆ. ನಾನು ಹೊಡೆದದ್ದು ತಪ್ಪಾಯಿತು, ನೀನು ಓದಿದ್ದು ಸರಿ ಇತ್ತು ಎಂದು ಹೇಳಿದೆ. "ಹಂಗಾದ್ರ ಅಪ್ಪ ತಪ್ಪು ಓದಿದ್ನೇನಬೇ?" ಎಂದು ಕೇಳಿದಳು. ನಾನು ನಿಮ್ಮ ಮಾನ ತೆಗೆಯಲಿಲ್ಲ, ಅಪ್ಪ ಬಂದ ಮೇಲೆ ಅವರನ್ನೇ ಕೇಳು ಎಂದೆ. ಕೊನೆಯ ಕೀರ್ತನೆಯನ್ನು ನನಗೂ ಓದಗೊಡುವುದಿಲ್ಲ, ಅದು ಅಪ್ಪನ ಸರದಿ ಎನ್ನುತ್ತಾಳೆ. ಐದು ವಾರದಿಂದ ನಮ್ಮ ಪ್ರಾರ್ಥನೆಗೆ ಆಮೆನ್ ಇಲ್ಲ. ಈ ಸಾಲನ್ನು ನಿಮ್ಮ ಕಣ್ಣಿನಿಂದ ಓದಿದ ದಿನವೇ ಹೊರಟು ಬನ್ನಿ. ಬಂದು ಹೊಸ ಪುಸ್ತಕ ತೆರೆದು, ನಾನು ಹೊಡೆದ ಆ ಕೈಯನ್ನು ಹಿಡಿದು, ಅದೇ ಸಾಲಿನ ಮೇಲೆ ಇಟ್ಟು, ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಓದಿ ಹೇಳಿ. ತಡವರಿಸಿದರೂ ಚಿಂತೆಯಿಲ್ಲ. ಈ ಸಲ ನಾನು ಕಣ್ಣು ತೆರೆದೇ ಕೂತಿರುತ್ತೇನೆ.