ಅಲೆ ನಿಂತರೂ ನಿಲ್ಲದ ನಾಲ್ಕು ಗಂಟೆಯ ಸೈರನ್

ಇಲ್ಲದ ನೀರಿನ ಒಡೆಯರಾದ, ನಗರಸಭೆಯ ಉದ್ಯಾನ ಮತ್ತು ಮನರಂಜನಾ ವಿಭಾಗದ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನಮ್ಮ ವಾಟರ್ ಪಾರ್ಕಿನ ಅಲೆಕೊಳಕ್ಕೆ ಮಣ್ಣು ತುಂಬಿಸಿ, ಮೇಲೆ ಹುಲ್ಲು ಹಾಸಿ, ಅದನ್ನು ‘ನೆನಪಿನ ವನ’ ಮಾಡುವ ತಮ್ಮ ಯೋಜನೆಯನ್ನು ಈ ಪತ್ರ ವಿರೋಧಿಸುತ್ತದೆ. ವಿಷಯ ಇಷ್ಟೇ. ಮುಂದಿನದನ್ನು ಓದಲು ತಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಮಣ್ಣಿನ ಲಾರಿಗಳನ್ನೂ ಇಲ್ಲಿಗೇ ನಿಲ್ಲಿಸಿದರೆ ಸಾಕು.

ಪಾರ್ಕಿನ ಗೇಟಿಗೆ ‘ದುರಸ್ತಿಗಾಗಿ ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಎಂಬ ಫಲಕ ಬಿದ್ದಾಗ ಹುಟ್ಟಿದ ಮಕ್ಕಳಿಗೆ ಈಗ ಮೀಸೆ ಮೂಡುತ್ತಿದೆ. ಈ ಅವಧಿಯಲ್ಲಿ ಆ ಆವರಣದೊಳಗೆ ನಿಮ್ಮ ವಿಭಾಗ ದುರಸ್ತಿ ಮಾಡಿದ ವಸ್ತು ಒಂದೇ ಒಂದು: ಆ ಫಲಕ. ವರ್ಷಕ್ಕೊಮ್ಮೆ ಅದಕ್ಕೆ ತಪ್ಪದೆ ಹೊಸ ಬಣ್ಣ ಬೀಳುತ್ತದೆ. ಜಾರುಬಂಡೆಗಳ ಬಣ್ಣವೆಲ್ಲ ಸುಲಿದು ಹೋಗಿ, ‘ತಾತ್ಕಾಲಿಕ’ ಎಂಬ ಪದ ಮಾತ್ರ ಮದುಮಗಳ ಹಾಗೆ ಹೊಳೆಯುತ್ತಿದೆ. ಮುಚ್ಚಿದ್ದಕ್ಕೆ ತಾವು ಮೊದಲು ಕೊಟ್ಟ ಕಾರಣ, ಅಲೆ ಎಬ್ಬಿಸುವ ಪಂಪು ಕೆಟ್ಟಿದೆ ಎಂಬುದು. ಆಮೇಲೆ ನೀರಿನ ಅಭಾವ ಕಾರಣವಾಯಿತು. ಹಾಗೆಂದು ಪತ್ರಿಕೆಗಳಿಗೆ ಹೇಳಿಕೆ ಕೊಡುವಾಗ ನಿಮ್ಮ ಕಚೇರಿಯ ಮುಂದಿನ ಕಾರಂಜಿ ಎಷ್ಟು ಜೋರಾಗಿ ಚಿಮ್ಮುತ್ತಿತ್ತೆಂದರೆ ವರದಿಗಾರರ ಕಾಗದವೆಲ್ಲ ಒದ್ದೆಯಾಗಿತ್ತು. ಈಗಿನ ಕಾರಣ ನಮ್ಮ ಸುರಕ್ಷತೆ. ನಮ್ಮ ಮೇಲೆ ಇಷ್ಟೊಂದು ಪ್ರೀತಿ ಇರುವವರು ಪಾದಚಾರಿ ದಾರಿಯಲ್ಲಿ ಬಾಯಿ ತೆರೆದಿರುವ ಮ್ಯಾನ್‌ಹೋಲುಗಳನ್ನೂ ಒಮ್ಮೆ ನೋಡಬಾರದೇ?

ಹಳೆಯದೆಲ್ಲ ಹೊನ್ನು ಎನ್ನುವ ಜಾತಿಗೆ ಸೇರಿದವಳು ನಾನಲ್ಲ. ಗ್ರಂಥಪಾಲಕಿಯಾಗಿ ನಿವೃತ್ತಳಾದವಳು, ಹಳೆಯದರ ಧೂಳಿನ ರುಚಿ ಎಂಥದೆಂದು ನನ್ನ ಶ್ವಾಸಕೋಶಕ್ಕೆ ಗೊತ್ತು. ಆ ಪಾರ್ಕು ಸ್ವರ್ಗವೇನೂ ಆಗಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಗಳಿಗೆ ಚಿಲಕವಿರಲಿಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕಿತ್ತು. ಹಳದಿ ಜಾರುಬಂಡೆಯ ಮೂರನೆಯ ತಿರುವಿನಲ್ಲಿ ಬೆನ್ನು ತರಚುತ್ತಿತ್ತು. ಯಾರದೋ ಗಾಯದ ಪಟ್ಟಿ ತೇಲಿ ಬಂದು ನಮ್ಮ ತೋಳಿಗೆ ಅಂಟುತ್ತಿತ್ತು. ನೀರಿಗೆ ಹಾಕುತ್ತಿದ್ದ ಔಷಧಿಯಂತೂ ಮೂಗಿಗೆ ಹೋದರೆ ನೆತ್ತಿಯವರೆಗೆ ಉರಿಯುತ್ತಿತ್ತು. ಆದ್ದರಿಂದಲೇ ಈ ಊರಿಗೆ ಒಂದು ಅಭ್ಯಾಸ ಬಿತ್ತು: ಸಂಜೆ ನಾಲ್ಕಕ್ಕೆ ಅಲೆ ಬಿಡುವ ಮುನ್ನ ಸೈರನ್ ಕೂಗುತ್ತಿತ್ತು, ಕೂಗಿದ ಕೂಡಲೇ ಕೊಳದಲ್ಲಿದ್ದವರೆಲ್ಲ ಮೂಗು ಹಿಡಿದುಕೊಳ್ಳುತ್ತಿದ್ದೆವು.

ಆ ಸೈರನ್ ಇಂದಿಗೂ ಕೂಗುತ್ತಿದೆ ಎನ್ನುವುದು ತಮಗೆ ತಿಳಿಯದ ಸಂಗತಿಯಲ್ಲ. ಮುಚ್ಚುವ ಆದೇಶವನ್ನು ಪಂಪ್‌ಮನೆಗೆ ಕಳಿಸಿದಿರಿ, ಟಿಕೆಟ್ ಕಿಟಕಿಗೆ ಕಳಿಸಿದಿರಿ, ಕ್ಯಾಂಟೀನಿಗೆ ಕಳಿಸಿದಿರಿ. ಸೈರನ್ ಭದ್ರತಾ ವಿಭಾಗದ್ದು, ಅದನ್ನು ಮರೆತಿರಿ. ಗೇಟಿನ ಕಾವಲುಗಾರರನ್ನು ಒಮ್ಮೆ ನಾನೇ ಕೇಳಿದೆ.

“ನಿಲ್ಲಿಸು ಅಂತ ಯಾರೂ ಹೇಳಿಲ್ಲಮ್ಮ,” ಎಂದರು. “ಕೂಗ್ಸಿದ್ರೆ ಯಾಕೆ ಅಂತ ಯಾರೂ ಕೇಳಲ್ಲ. ಒಂದಿನ ಬಿಟ್ರೆ ಮಾತ್ರ ನನಗೆ ನೋಟೀಸು.”

ಹೀಗಾಗಿ ಅಲೆ ನಿಂತರೂ ಅಭ್ಯಾಸ ನಿಂತಿಲ್ಲ. ನಾಲ್ಕಾದರೆ ಬ್ಯಾಂಕಿನ ಸಾಲಿನಲ್ಲಿ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಎಲ್ಲಿದ್ದರಲ್ಲಿ ನಮ್ಮ ಕೈ ತಾನಾಗಿ ಮೂಗಿಗೆ ಹೋಗುತ್ತದೆ. ನಮ್ಮ ಬೀದಿಯ ಕ್ಷೌರಿಕರು ನಾಲ್ಕು ಹೊಡೆಯುವ ಮುನ್ನ ಗಿರಾಕಿಯ ಮುಖದಿಂದ ಕತ್ತಿಯನ್ನು ಒಂದು ಗೇಣು ದೂರ ಇಟ್ಟುಕೊಳ್ಳುತ್ತಾರೆ. ಒಮ್ಮೆ ಮರೆತಿದ್ದರಂತೆ, ಆ ಗಿರಾಕಿ ಈಗ ಗಡ್ಡ ಬಿಟ್ಟಿದ್ದಾರೆ.

ಇನ್ನು ನನ್ನ ಅಕ್ಕನ ವಿಷಯ. ಬಾಲ್ಯದ ಜ್ವರವೊಂದು ಅವಳ ಎಡಗಾಲಿನ ಬಲವನ್ನು ಕೊಂಡೊಯ್ದಿತು. ಜೀವನವಿಡೀ ಕುಳಿತು ಹೊಲಿದಳು. ಈ ಊರಿನ ಅರ್ಧದಷ್ಟು ಶಾಲಾ ಸಮವಸ್ತ್ರಗಳಿಗೆ ಅವಳ ಕೈಯ ಹೊಲಿಗೆ ಬಿದ್ದಿದೆ. ನೆಲದ ಮೇಲೆ ಅವಳು ನಡೆದರೆ ಜನ ತಿರುಗಿ ನೋಡುತ್ತಿದ್ದರು. ಅಲೆಕೊಳದಲ್ಲಿ ಯಾರೂ ನೋಡುತ್ತಿರಲಿಲ್ಲ. ನೋಡಲು ಅವರು ನೆಟ್ಟಗೆ ನಿಂತಿರಬೇಕಲ್ಲ! “ಅಲೆ ಬಂದಾಗ ಎಲ್ರೂ ಕುಂಟ್ರೇ ಕಣೇ,” ಎಂದು ನಗುತ್ತಿದ್ದಳು. ಕಳೆದ ವರ್ಷ ಅವಳ ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾಯಿತು. ಎದೆಮಟ್ಟದ ನೀರಿನಲ್ಲಿ ದಿನಾ ನಡೆದರೆ ಕೋಲು ಬಿಡಬಹುದು, ಇಲ್ಲವಾದರೆ ಗಾಲಿಕುರ್ಚಿಯೇ ಗತಿ ಎಂದಿದ್ದಾರೆ ವೈದ್ಯರು. ಊರಿನಲ್ಲಿರುವ ಇನ್ನೊಂದೇ ಕೊಳ ಕ್ಲಬ್ಬಿನದು. ಸದಸ್ಯರ ಕೈಕಾಲು ಹಿಡಿದು ಅವಳನ್ನು ಅಲ್ಲಿಗೂ ಕರೆದೊಯ್ದೆ. ಇಳಿಯಲು ಕಬ್ಬಿಣದ ಏಣಿ! ಅಕ್ಕ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಏಣಿ ಇಳಿಯೋ ಕಾಲಿದ್ದಿದ್ರೆ ನಾನು ನೀರಿಗ್ಯಾಕೆ ಬರ್ತಿದ್ದೆ?”

ನಿಮ್ಮ ಅಲೆಕೊಳಕ್ಕೆ ಏಣಿಯಿಲ್ಲ. ಅದರ ನೆಲ ಕಡಲತೀರದ ಹಾಗೆ ಇಳಿಜಾರು. ಬರಿಗಾಲಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ನೀರಿಗೆ ನಡೆದುಕೊಂಡೇ ಹೋಗಬಹುದಾದ ಜಾಗ ಊರಿನಲ್ಲಿ ಅದೊಂದೇ. ಆ ಜಾಗಕ್ಕೇ ತಾವು ಮಣ್ಣು ಹಾಕಹೊರಟಿರುವುದು.

ಕಳೆದ ವಾರ ತಾವು ಕರೆದ ಸಾರ್ವಜನಿಕ ಸಭೆಗೆ ಅಕ್ಕನೊಂದಿಗೆ ಬಂದಿದ್ದೆ. ಅಂಗವಿಕಲರಿಗೂ ಹಿರಿಯರಿಗೂ ಮುಕ್ತ ಆಹ್ವಾನವಿದ್ದ ಸಭೆ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಅಕ್ಕನನ್ನು ಇಬ್ಬರು ಕುರ್ಚಿಸಮೇತ ಹೊತ್ತು ಮೇಲೆ ತಂದರು. ಹೊರಗಿನಿಂದ ಕರೆಸಿದ್ದ ಸಲಹೆಗಾರರು ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟರು. ಹುಲ್ಲಿನ ನಡುವೆ ಜಾರುಬಂಡೆಯ ಒಂದು ತುಂಡು, ಹತ್ತುವಂತಿಲ್ಲ. ನೀರಿನ ಸದ್ದು ಕೇಳಿಸುವ ಧ್ವನಿವರ್ಧಕ, ನೀರಿಲ್ಲ. ಜನ ನಿಂತು ಫೋಟೊ ತೆಗೆಸಿಕೊಳ್ಳಲು ನೀಲಿ ಬಣ್ಣದ ಒಂದು ಗೋಡೆ. ಕನ್ನಡಿಯೊಳಗಿನ ಗಂಟನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದನ್ನು ನಾನು ನೋಡಿರಲಿಲ್ಲ. ತಮ್ಮ ಪಕ್ಕದಲ್ಲಿ ಕುಳಿತ ತಮ್ಮದೇ ವಿಭಾಗದ ಎಂಜಿನಿಯರರು, “ಕೊಳಕ್ಕೇನೂ ಆಗಿಲ್ಲ, ಹೋಗಿರೋದು ಪಂಪು ಮಾತ್ರ,” ಎಂದು ಬಾಯಿ ತಪ್ಪಿ ಸತ್ಯ ನುಡಿದರು. ತಾವು ಅವರಿಗೆ ನೀರಿನ ಬಾಟಲಿ ಕೊಟ್ಟು ಸುಮ್ಮನಾಗಿಸಿದಿರಿ.

ಅಕ್ಕ ಕೋಲೂರಿ ಎದ್ದಳು. “ಸಾಹೇಬ್ರೇ, ಹಂಗಾದ್ರೆ ಅಲೆ ಬೇಡ. ಸುಮ್ನೆ ನೀರು ತುಂಬ್ಸಿ. ನಾನು ನಡ್ಕೊಂಡು ಬರ್ತೀನಿ.”

“ತಾಯಿ, ನಿಮ್ಮ ಭಾವನೆಗಳನ್ನ ನಾವು ಗೌರವಿಸ್ತೀವಿ,” ಎಂದಿರಿ ತಾವು.

“ಭಾವನೆ ಅಲ್ಲ ಸಾಹೇಬ್ರೇ, ಸೊಂಟ.”

ಅಷ್ಟರಲ್ಲಿ ನಾಲ್ಕಾಯಿತು. ಸೈರನ್ ಕೂಗಿತು. ಸಭೆಗೆ ಸಭೆಯೇ ಮೂಗು ಹಿಡಿಯಿತು. ಎಂಜಿನಿಯರರು ಹಿಡಿದರು, ವರದಿಗಾರರು ಹಿಡಿದರು, ಟ್ರೇ ಹಿಡಿದು ನಿಂತಿದ್ದ ಕಚೇರಿಯ ಜವಾನರು ಚಹಾ ತುಳುಕಿಸಿಕೊಂಡು ಹಿಡಿದರು. ಪಾಪ, ಹೊರಗಿನ ಸಲಹೆಗಾರರೊಬ್ಬರೇ ಗಾಬರಿಯಾಗಿ ತಮ್ಮ ಅಂಗಿಯನ್ನು ಮೂಸಿಕೊಂಡು, “ಏನಾದ್ರೂ ವಾಸನೆ ಬರ್ತಿದೆಯಾ?” ಎಂದು ಕೇಳಿದರು.

ಮಾನ್ಯರೇ, ಆ ಹೊತ್ತಿನಲ್ಲಿ ವೇದಿಕೆಯ ನಡುವಿನ ಎತ್ತರದ ಕುರ್ಚಿಯಲ್ಲಿ ಇನ್ನೊಂದು ಕೈಯೂ ಮೇಲೆದ್ದಿತು. ಎರಡು ಬೆರಳು ಮೂಗಿಗೆ, ಕಣ್ಣು ಮುಚ್ಚಿ, ಗಲ್ಲ ಉಬ್ಬಿಸಿ. ಮರುಕ್ಷಣವೇ ತಾವು ಕನ್ನಡಕ ಸರಿಮಾಡಿಕೊಂಡವರಂತೆ ನಟಿಸಿದಿರಿ, ಆದರೆ ಅಕ್ಕ ಬಿಡುವವಳಲ್ಲ.

“ಗಲ್ಲ ಉಬ್ಸೋದು ಆಳದ ಕಡೆ ನಿಲ್ತಿದ್ದ ಹುಡುಗ್ರು. ನೀವು ಆ ಕಡೆಯೋರಾ ಸಾಹೇಬ್ರೇ?”

ಸಭೆ ನಕ್ಕಿತು. ತಾವೂ ನಕ್ಕಿರಿ. ಆಮೇಲೆ ನಡಾವಳಿಯಲ್ಲಿ ‘ಸಾರ್ವಜನಿಕರು ಯೋಜನೆಯನ್ನು ಹರ್ಷದಿಂದ ಸ್ವಾಗತಿಸಿದರು’ ಎಂದು ಬರೆಸಿದಿರಿ.

ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎನ್ನುತ್ತಾರೆ. ತಮ್ಮದು ಯಾಕೆ ತೆರೆಯಲಿಲ್ಲ? ಆ ನೀರು ಏನೆಂದು ತಮಗೆ ಗೊತ್ತು. ಗೊತ್ತಿಲ್ಲದವರು ಮಣ್ಣು ಹಾಕಿದರೆ ಅಜ್ಞಾನವೆಂದು ಸುಮ್ಮನಿರಬಹುದಿತ್ತು. ಅದೇ ನೀರಿನಲ್ಲಿ ಗಲ್ಲ ಉಬ್ಬಿಸಿ ನಿಂತವರು ಹಾಕಿದರೆ ಅದಕ್ಕೆ ಯಾವ ಹೆಸರಿಡೋಣ? ನೆನಪುಗಳನ್ನು ಕಾಪಾಡುವ ಕಷ್ಟವನ್ನು ತಾವು ತೆಗೆದುಕೊಳ್ಳಬೇಡಿ. ಅವು ನಮ್ಮಲ್ಲಿ ಧಾರಾಳವಾಗಿವೆ, ಅವುಗಳಿಗೆ ಹುಲ್ಲು ಹಾಸಬೇಕಿಲ್ಲ, ಪಂಪೂ ಬೇಕಿಲ್ಲ. ಇಲ್ಲದಿರುವುದು ನೀರು. ಜಾರುಬಂಡೆಗಳನ್ನು ಗುಜರಿಗೆ ಹಾಕಿ, ಯಾರೂ ಅಳುವುದಿಲ್ಲ. ಮೂರನೆಯ ತಿರುವಿನ ನೆನಪಿಗೆ ನಮ್ಮ ಬೆನ್ನಿನ ಗೆರೆಗಳಿವೆ. ಪಂಪು ಬರುವಾಗ ಬರಲಿ. ಮೊದಲು ಆ ಇಳಿಜಾರಿನ ಕೊಳಕ್ಕೆ ಎದೆಮಟ್ಟ ನೀರು ತುಂಬಿಸಿ, ಗೇಟು ತೆರೆಯಿರಿ. ನಮ್ಮ ಬೇಡಿಕೆ ಇದಿಷ್ಟೇ.

ಇದರ ಕೆಳಗೆ ‘ಒಂದೋ ನೀರು ಬಿಡಿ, ಇಲ್ಲವೇ ಸೈರನ್ ನಿಲ್ಲಿಸಿ’ ಎಂದು ಖಾರವಾಗಿ ಬರೆದಿದ್ದೆ. ಓದಿ ಹೇಳಿದಾಗ ಅಕ್ಕ ಹೊಲಿಗೆಯಿಂದ ತಲೆಯೆತ್ತಿದಳು.

“ಆ ಮಾತು ಮಾತ್ರ ಬೇಡ ಕಣೇ. ಬರೆದ್ರೆ ಅದೊಂದನ್ನ ನಾಳೆನೇ ಮಾಡ್ಬಿಡ್ತಾರೆ.”

ಆದ್ದರಿಂದ ಆ ಸಾಲನ್ನು ಹೊಡೆದುಹಾಕಿದ್ದೇನೆ. ಸೈರನ್ ಕೂಗುತ್ತಿರಲಿ, ಮಾನ್ಯರೇ. ನಾಳೆಯೂ ನಾಲ್ಕಾಗುತ್ತದೆ, ನಾಳೆಯೂ ತಮ್ಮ ಕೈ ಮೇಲೇಳುತ್ತದೆ. ಆಗ ಎದುರಿಗೆ ಮಣ್ಣಿನ ಲಾರಿಗಳಿಗೆ ಸಹಿ ಬೇಡುವ ಕಡತವಿದ್ದರೆ, ಮೂಗು ಬಿಟ್ಟು ಪೆನ್ನು ಹಿಡಿಯುವ ಮುನ್ನ ಒಂದು ಉಸಿರಿನಷ್ಟು ಹೊತ್ತು ತಡೆಯಿರಿ.

ಇಂತಿ,
ಒಂದು ಕೈಯಲ್ಲಿ ಅಕ್ಕನ ಕೋಲು, ಇನ್ನೊಂದರಲ್ಲಿ ಸ್ವಂತ ಮೂಗು ಹಿಡಿದು
ಗೇಟಿನ ಹೊರಗೆ ತಾತ್ಕಾಲಿಕವಾಗಿ ನಿಂತಿರುವ
ನಾಗರಿಕಳು