ಅವಳ ಪಾಲಿನ ಟೋರ್ಟಿಯಾ

ಫೆಬ್ರವರಿ ೯
ಎರಡು ಪ್ಯಾಂಟ್ ಗಿಡ್ಡ ಮಾಡಿದೆ. ಒಂದು ಜಿಪ್ಪು. ಸಂಜೆ ಹಡಗಿನಿಂದ ಹೆಂಡತಿಯ ಫೋನು. ಅಲ್ಲಿನ ಅಡುಗೆಮನೆಯಲ್ಲಿ ಇವತ್ತೂ ಟೋರ್ಟಿಯಾ, ಅದೇ ಮೆಕ್ಸಿಕೋದವರ ಚಪಾತಿ. ಲಟ್ಟಿಸಿ ಲಟ್ಟಿಸಿ ಭುಜ ಬಿದ್ದುಹೋಗಿದೆಯಂತೆ. "ಎಲ್ರಿಗೂ ಬಿಸಿಬಿಸಿ ಹಾಕ್ತೀನಿ ರೀ. ನಂಗೆ ಅಂತ ಯಾರಾದ್ರೂ ಒಂದೇ ಒಂದು ಮಾಡಿ ಹಾಕಿದ್ರೆ..." ಅಂದಳು. "ಬಾ, ನಾನೇ ಹಾಕ್ತೀನಿ" ಅಂದುಬಿಟ್ಟೆ.

ಮುಂದಿನ ತಿಂಗಳು ರಜೆಗೆ ಬರುತ್ತಾಳೆ. ಇನ್ನೂ ಒಂದು ವರ್ಷ ಇರುತ್ತೀಯಾ ಎಂದು ಕಂಪನಿಯವರು ಕೇಳುತ್ತಿದ್ದಾರಂತೆ. "ಏನ್ ಮಾಡ್ಲಿ?" ಅಂದಳು. "ಹೋಗು, ನನಗೂ ನಿನ್ನ ಗೊರಕೆ ಕಾಟ ತಪ್ಪುತ್ತೆ" ಅಂದೆ. ನಕ್ಕಳು. ಸ್ವಲ್ಪ ತಡವಾಗಿ ನಕ್ಕಳು.

ಫೆಬ್ರವರಿ ೧೧
ಮೈದಾ, ಉಪ್ಪು, ಬೆಣ್ಣೆ, ಬಿಸಿನೀರು. ಇದೇನು ಮಹಾ ಎಂದುಕೊಂಡು ನಾದಿದ ಕೂಡಲೇ ಲಟ್ಟಿಸಲು ನಿಂತೆ. ಹಿಗ್ಗಿಸಿದಷ್ಟೂ ಕುಗ್ಗುತ್ತದೆ, ಹಟಮಾರಿ. ಆಕಾರವೋ ದೇವರಿಗೇ ಪ್ರೀತಿ. ದರ್ಜಿಯ ಕೈ ಸುಮ್ಮನಿರುತ್ತದೆಯೇ... ಟೇಪು ಹಿಡಿದೆ, ಕತ್ತರಿ ತಂದು ಅಂಚು ಕತ್ತರಿಸಿದೆ. ದುಂಡಗೆ ಬಂತು! ಉಳಿದ ಚೂರುಗಳನ್ನು ಒತ್ತಿ ಮತ್ತೆ ಲಟ್ಟಿಸಿ ಮತ್ತೆ ಕತ್ತರಿಸಿದೆ.

ಮಹಡಿಯಿಂದ ಅತ್ತೆ ಇಳಿದು ಬಂದರು — ಅವಳ ಅಮ್ಮ.
"ಏನ್ ಅಳಿಯಂದ್ರೇ, ಇದಕ್ಕೂ ಹೊಲಿಗೆಗೆ ಅಂತ ಬಟ್ಟೆ ಬಿಡ್ತೀರಾ?"
ಒಂದು ತುಂಡು ಕಚ್ಚಿದರು. ಎಳೆದರು. "ಬಾರ್ ಹಾಕ್ಸಿದ್ರೆ ಚಪ್ಪಲಿ ಆಗುತ್ತೆ" ಅಂದರು.

ಫೆಬ್ರವರಿ ೧೯
ಅಂಗಡಿಯಲ್ಲಿ ಲೈನಿಂಗ್ ಬಟ್ಟೆ ನೀರಿಗೆ ಹಾಕುತ್ತಿದ್ದೆ. ಹಾಗೇ ಕತ್ತರಿಸಿ ಹೊಲಿದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಮೊದಲು ನೆನೆಸಿ ಅದರ ಪಾಡಿಗೆ ಬಿಡಬೇಕು. ತಟ್ಟನೆ ಹೊಳೆಯಿತು. ಮನೆಗೆ ಬಂದು ಹಿಟ್ಟು ನಾದಿ, ಉಂಡೆ ಕಟ್ಟಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಮುಟ್ಟಲಿಲ್ಲ. ಆಮೇಲೆ ಲಟ್ಟಣಿಗೆ ಇಟ್ಟರೆ ಸಾಕು, ಹೇಳಿದ ಮಾತು ಕೇಳುತ್ತದೆ! ಎಣ್ಣೆ ಹಾಕದ ಕಾವಲಿಯ ಮೇಲೆ ಗುಳ್ಳೆ ಎದ್ದವು. ಬಟ್ಟೆಯಲ್ಲಿ ಸುತ್ತಿಟ್ಟೆ. ಮೆತ್ತಗಿತ್ತು.

ಯಾರಿಗೆ ತೋರಿಸಲಿ? ಅವಳ ಕುರ್ಚಿಯ ಮೇಲೆ ಇಸ್ತ್ರಿ ಬಟ್ಟೆ ಹೇರಿದ್ದೆ. ತೆಗೆದಿಟ್ಟೆ. ಖಾಲಿ ಕುರ್ಚಿ ನೋಡಲಾಗಲಿಲ್ಲ. ಮತ್ತೆ ಬಟ್ಟೆ ತಂದು ಹೇರಿದೆ.

ಮಾರ್ಚ್ ೬
ಹಡಗು ತಡವಂತೆ. ಕಂಪನಿಗೆ ಇನ್ನೂ ಉತ್ತರ ಕೊಟ್ಟಿಲ್ಲವಂತೆ. ಫೋನಿನಲ್ಲಿ ನಾನು ಮತ್ತೆ ಏನೋ ತಮಾಷೆ ಮಾಡಿದೆ.

ಅತ್ತೆ ಕೇಳಿಸಿಕೊಂಡರು. "ಹೋಗ್ಬೇಡ ಅನ್ನೋಕೇನು ಧಾಡಿ ನಿಮ್ಗೆ? ಬಾಯಿದ್ದೋರು ಬರಗಾಲದಲ್ಲೂ ಬದುಕಿದ್ರಂತೆ. ನಿಮ್ಮ ಬಾಯಲ್ಲಿ ಬೇಕಾದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತೆ."
"ಅವಳಿಗೆ ಆ ಕೆಲಸ ಇಷ್ಟ ಅತ್ತೆ. ನಾನ್ಯಾಕೆ ಅಡ್ಡ ಬರ್ಲಿ?"
"ಇಷ್ಟಾನಾ ಅಂತ ಕೇಳಿದ್ರಾ?"
ಕೇಳಿಲ್ಲ. ಹೌದು ಅಂದುಬಿಟ್ಟರೆ?

ಮಾರ್ಚ್ ೧೮
ಬಂದಳು! ತೆಳ್ಳಗಾಗಿದ್ದಾಳೆ. ಬಂದವಳೇ ಕೈ ತೊಳೆದು ನೇರ ಒಲೆಯ ಹತ್ತಿರ. ಕೂತ್ಕೋ ಅಂದೆ. ಕಾವಲಿಯಿಂದ ತಟ್ಟೆಗೆ ಹಾಕಿದೆ. ಒಂದು ತಿಂದಳು, ಇನ್ನೊಂದು ತಿಂದಳು. ಮತ್ತೊಂದು ಹಾಕಿದೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತಳು. ನಾನು ಪೆದ್ದ... "ಉಪ್ಪು ಜಾಸ್ತಿಯಾಯ್ತಾ?" ಅಂದೆ.

ಮಾರ್ಚ್ ೧೯, ಬೆಳಿಗ್ಗೆ ಹತ್ತು
ಮಧ್ಯಾಹ್ನದೊಳಗೆ ಕಂಪನಿಗೆ ಹೇಳಬೇಕಂತೆ. ಅಡುಗೆಮನೆಯಿಂದ ಕೂಗುತ್ತಿದ್ದಾಳೆ: "ರೀ, ಏನ್ ಹೇಳ್ಲಿ ಅವ್ರಿಗೆ?"

ನಾಲಿಗೆ ತುದಿಗೆ ತಮಾಷೆಯೇ ಬಂತು. ನುಂಗಿಕೊಂಡೆ. ನೀನಿಲ್ಲದೆ ಈ ಮನೆಯಲ್ಲಿ ನನ್ನ ಕೈಲಿ ಇರಲಾಗುವುದಿಲ್ಲ ಕಣೇ. ಬರೆಯಲು ಎಷ್ಟು ಸಲೀಸು.

ಮತ್ತೆ ಕೂಗಿದಳು. ಈಗ ಬಾಗಿಲಿಗೇ ಬಂದು ನಿಂತಿದ್ದಾಳೆ. "ನಿಮ್ಮನ್ನೇ ರೀ ಕೇಳ್ತಿರೋದು. ಏನ್ ಹೇಳ್ಲಿ?"

"ಬರಲ್ಲ ಅನ್ನು. ಹೋಗ್ಬೇಡ" ಅಂದೆ. ತಲೆ ಎತ್ತುವ ಧೈರ್ಯವಿಲ್ಲ. ಬರೆಯುತ್ತಲೇ ಇದ್ದೇನೆ. ಪಕ್ಕಕ್ಕೆ ಬಂದು ಕೂತಳು. ಪೆನ್ನು ಹಿಡಿದ ನನ್ನ ಕೈ ಮೇಲೆ ಅವಳ —